ಎರಡನೇ ಜ್ವರ ಮತ್ತು ಹತ್ತು ಡ್ರಾಯಿಂಗ್ ಶೀಟು

ಹೊಸದಾಗಿ ಡ್ರಾಯಿಂಗ್ ಮೇಷ್ಟ್ರ ಕೆಲಸಕ್ಕೆ ಸೇರುವ ಹುಡುಗರು ನನ್ನ ಹತ್ತಿರ ಬಂದು, ಯಾವ ಬ್ರಶ್ಶು ಒಳ್ಳೆಯದು ಸಾರ್ ಎಂದು ಕೇಳುತ್ತಾರೆ. ಬ್ರಶ್ಶು ಯಾವುದಾದರೂ ಆಗಲಿ, ಮೊದಲು ಬೀರುವಿನ ಬೀಗದ ಕೈ ಯಾರ ಸೊಂಟದಲ್ಲಿದೆ ನೋಡಿಕೊಳ್ಳಿ ಎನ್ನುತ್ತೇನೆ. ನಗುತ್ತಾರೆ. ಒಂದು ವರ್ಷ ಪಾಠ ಮಾಡಿ ಮತ್ತೆ ಬಂದವರು ನಗುವುದಿಲ್ಲ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಕೆಲಮಂಗಲದ ಶಾಲೆಗೆ ಸೇರಿದಾಗ ನನ್ನ ಮೀಸೆ ಪೆನ್ಸಿಲ್ ಗೆರೆಯಷ್ಟೇ ಇತ್ತು. ಬೇಕಾದರೆ ರಬ್ಬರಿನಲ್ಲಿ ಅಳಿಸಬಹುದು ಎಂದು ಮೊದಲ ದಿನವೇ ಮಕ್ಕಳು ಮಾತಾಡಿಕೊಂಡರು. ಹೊಸೂರಿನ ನಮ್ಮ ಮನೆಯಲ್ಲಿ ಅಪ್ಪ ಲೆಕ್ಕದ ಮೇಷ್ಟ್ರು, ಚಿಕ್ಕಪ್ಪ ಕಚೇರಿಯ ಗುಮಾಸ್ತ, ಅಕ್ಕ ಟೀಚರು. ಎಲ್ಲರ ತಲೆಗೂ ಏನಾದರೊಂದು ಹತ್ತಿತ್ತು. ನನಗೆ ಹತ್ತಿದ ವಿದ್ಯೆ ಎರಡೇ. ಒಂದು ಗೆರೆ ಎಳೆಯುವುದು, ಇನ್ನೊಂದು ಮಂದಿಯನ್ನು ಅಣಕಿಸುವುದು. ಮೊದಲನೆಯದಕ್ಕೆ ಸಂಬಳ ಬರುತ್ತಿತ್ತು. ಎರಡನೆಯದಕ್ಕೆ ಬೈಗುಳ. ಎರಡೂ ತಪ್ಪದೆ ತಿಂಗಳು ತಿಂಗಳು ಸಿಗುತ್ತಿದ್ದವು.

ಬೀಗದ ಕೈ ಇದ್ದದ್ದು ಹೆಡ್‌ಮಾಸ್ಟರ್ ಸಬಾಪತಿಯವರ ಸೊಂಟದಲ್ಲಿ. ಅವರು ಎಣಿಸುವುದು ತಮಿಳಿನಲ್ಲಿ, ಬೈಯುವುದು ತೆಲುಗಿನಲ್ಲಿ, ನಮ್ಮ ಹತ್ತಿರ ಮಾತಾಡುವುದು ಕನ್ನಡದಲ್ಲಿ. ಡ್ರಾಯಿಂಗ್ ಶೀಟನ್ನು ಒಂದೊಂದಾಗಿ ಎಣಿಸಿ, ಮಗಳನ್ನು ಗಂಡನ ಮನೆಗೆ ಕಳಿಸುವವರ ಮುಖ ಮಾಡಿಕೊಂಡು ಕೊಡುತ್ತಿದ್ದರು. ಒಂದು ದಿನ ನಾನು ಪಂಚೆ ಎತ್ತಿ ಕಟ್ಟಿ, ಸೊಂಟಕ್ಕೆ ಬೀಗದ ಕೈಯ ಬದಲು ಚಾಕ್‌ಪೀಸಿನ ಡಬ್ಬಿ ಸಿಕ್ಕಿಸಿಕೊಂಡು, ಕ್ಲಾಸಿನಲ್ಲಿ ಅವರ ನಡಿಗೆ ನಡೆದು ತೋರಿಸುತ್ತಿದ್ದೆ. ಮಕ್ಕಳು ನಗುತ್ತಿದ್ದವರು ಇದ್ದಕ್ಕಿದ್ದಂತೆ ನಿಲ್ಲಿಸಿದರು. ನಿಲ್ಲಿಸಿದ ರೀತಿಯಲ್ಲೇ ಹಿಂದೆ ಯಾರಿದ್ದಾರೆ ಎಂದು ಗೊತ್ತಾಯಿತು. ತಿರುಗಲು ಧೈರ್ಯವಿಲ್ಲದೆ ಒಂದು ಕಾಲೆತ್ತಿಕೊಂಡೇ ನಿಂತೆ.

ಸಬಾಪತಿಯವರು ಒಳಗೆ ಬಂದು ನನ್ನ ಸೊಂಟ ನೋಡಿದರು.

"ನಡಿಗೆ ಸರಿಯಾಗೈತಪ್ಪಾ. ಆದ್ರೆ ಬೀಗದ ಕೈ ಎಡಗಡೆ ಅಲ್ಲ, ಬಲಗಡೆ. ನೋಡಿ ಬರೀಬೇಕು ಅಂತ ಮಕ್ಕಳಿಗೆ ಹೇಳ್ಕೊಡೋನು ನೀನೇ ನೋಡ್ದಿದ್ರೆ ಹೆಂಗೆ?"

ಹೋಗಿಬಿಟ್ಟರು. ಆ ತಿಂಗಳು ಶೀಟು ಇನ್ನೂ ಕಡಿಮೆ ಬಂತು.

ಶೀಟು ಅಷ್ಟು ಕಡಿಮೆ ಇದ್ದುದರಿಂದ ನಾನು ಎರಡು ನಿಯಮ ಮಾಡಿದ್ದೆ. ಈ ನಿಯಮಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಮುಂದೆ ಕುತ್ತಿಗೆಗೆ ಬಂದದ್ದು ಇವೇ. ಒಂದು, ಚಿತ್ರ ಶೀಟಿನ ಒಂದೇ ಕಡೆ ಇರಬೇಕು. ಹಿಂಬದಿಗೆ ಒಂದು ಬೆರಳ ಗುರುತೂ ಬೀಳಬಾರದು, ಮುಂದಿನ ವರ್ಷ ಅದೇ ಬದಿಯಲ್ಲಿ ಬರೆಯಬೇಕು. ಎರಡು, ಬರೆದ ಶೀಟುಗಳನ್ನು ಮಕ್ಕಳು ಮನೆಯಲ್ಲೇ ಇಟ್ಟುಕೊಳ್ಳಬೇಕು. ನನ್ನ ಕೋಣೆಯಲ್ಲಿದ್ದ ಮರದ ಬೀರುವಿಗೆ ಗೆದ್ದಲು ಹಿಡಿದಿತ್ತು. ಗೋಡೆಗೆ ಅಂಟಿಸೋಣವೆಂದರೆ ಅದೂ ಆಗಿ ಹೋಗಿತ್ತು. ಪುಡಿ ಬಣ್ಣಕ್ಕೆ ಗೋಂದು ತೀರಿದಾಗ ಬೆಲ್ಲದ ನೀರು ಕಲಸಿಕೊಟ್ಟ ಮಹಾ ಬುದ್ಧಿವಂತ ನಾನು. ಮಕ್ಕಳು ಬರೆದ ತೋಟಗಳನ್ನೆಲ್ಲ ಸೋಮವಾರದ ಹೊತ್ತಿಗೆ ಇರುವೆಗಳು ಕೊಯ್ಲು ಮಾಡಿಕೊಂಡು ಹೋಗಿದ್ದವು.

ಎಂಬತ್ತರ ನಂತರ ಹೊಸೂರಿನ ಸುತ್ತ ಕಾರ್ಖಾನೆಗಳು ಎದ್ದವು. ಶಿಫ್ಟಿನ ಬಸ್ಸುಗಳು ಕೆಲಮಂಗಲದ ಹಾದಿಯಲ್ಲೂ ಓಡಾಡತೊಡಗಿದವು. ನಾನೂ ಪಾಠ ಬದಲಾಯಿಸಿದೆ. ಹೂಜಿ, ತಂಬಿಗೆ, ದಾಸವಾಳ ಬಿಟ್ಟು ಸೈಕಲ್ ಶಾಪಿನಿಂದ ನಟ್ಟು, ಬೋಲ್ಟು, ಹಳೇ ಬೇರಿಂಗು ತಂದು ಮೇಜಿನ ಮೇಲಿಟ್ಟು ಬರೆಸಿದೆ. ಸಬಾಪತಿಯವರು ಬಾಗಿಲಲ್ಲಿ ನಿಂತು, "ಇದು ಡ್ರಾಯಿಂಗ್ ಕ್ಲಾಸಾ, ಪಂಚರ್ ಶಾಪಾ?" ಎಂದರು. ಕನ್ನಡ, ತಮಿಳು, ತೆಲುಗು ಮೂರು ಮೀಡಿಯಮ್ಮಿನ ಮಕ್ಕಳೂ ನನ್ನ ಕೋಣೆಗೇ ಬರುತ್ತಿದ್ದರು. ನಟ್ಟಿಗೆ ಮಾತ್ರ ಮೂರು ಭಾಷೆಯಲ್ಲೂ ನಟ್ಟೇ.

ಆ ನಟ್ಟನ್ನು ಎಲ್ಲರಿಗಿಂತ ಚೆನ್ನಾಗಿ ಬರೆದವಳು ರತ್ನ. ಉದ್ದನಪಲ್ಲಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿ. ಮಾತು ಕಡಿಮೆ. ಗೆರೆ ಎಳೆದು ಮುಗಿಸುವಾಗ ಕೊನೆಯಲ್ಲಿ ಸ್ವಲ್ಪ ಒತ್ತುತ್ತಿದ್ದಳು, ಬಾಗಿಲು ಹಾಕಿ ಅಗುಳಿ ಜಡಿದಂತೆ. ಅವಳ ಶೀಟಿಗೆ ಹೆಸರು ಬೇಕಿರಲಿಲ್ಲ.

ಅವಳು ಶಾಲೆ ಮುಗಿಸಿದ ವರ್ಷ ಒಂದು ಕಾರ್ಖಾನೆಯ ಡ್ರಾಯಿಂಗ್ ಆಫೀಸಿನವರು ಟ್ರೇಸರ್ ಕೆಲಸಕ್ಕೆ ಮಕ್ಕಳನ್ನು ಕರೆದರು. ದೊಡ್ಡವರು ಬರೆದ ನಕ್ಷೆಯ ಮೇಲೆ ತೆಳು ಹಾಳೆ ಹಾಸಿ ಇಂಕಿನಲ್ಲಿ ನಕಲು ತೆಗೆಯುವ ಕೆಲಸ. ಸ್ವಂತ ಕೈಯಲ್ಲಿ ಬರೆದ ಹತ್ತು ಶೀಟು ತರಬೇಕು, ಪ್ರತಿಯೊಂದಕ್ಕೂ ಡ್ರಾಯಿಂಗ್ ಮೇಷ್ಟ್ರ ಸಹಿ ಇರಬೇಕು, ಇಲ್ಲದವರು ಗೇಟಿನೊಳಗೆ ಬರಬೇಕಾಗಿಲ್ಲ ಎಂದಿದ್ದರು. ಸೋಮವಾರ ಬೆಳಿಗ್ಗೆ ಬರಹೇಳಿದ್ದರು. ರತ್ನನ ತಾಯಿ ಚೌಡಮ್ಮ ಮಗಳಿಗೆ ಒಂದೇ ಮಾತು ಹೇಳಿದ್ದಳಂತೆ: "ಇದೊಂದ್ಸಲ ಹೋಗಿ ನೋಡ್ಕೊಂಡು ಬಾ. ಆಗ್ದಿದ್ರೆ ಸುಮ್ಕೆ ಹುಳದ ಮನೇಲಿ ಕೆಲ್ಸಕ್ಕೆ ನಿಂತ್ಕೊ." ಅವರದು ರೇಷ್ಮೆ ಸಾಕುವ ಮನೆ.

ಶನಿವಾರ ಸಹಿಗೆ ಬರಬೇಕಿದ್ದ ರತ್ನ ಬರಲಿಲ್ಲ. ಹತ್ತು ತುಂಬಿಲ್ಲವೇನೋ ಎಂದುಕೊಂಡು ಭಾನುವಾರ ಬೆಳಿಗ್ಗೆ ಕ್ಲಾಸಿನಲ್ಲಿ ಉಳಿದಿದ್ದ ಖಾಲಿ ಶೀಟುಗಳನ್ನು ಸುರುಳಿ ಸುತ್ತಿಕೊಂಡು, ತಲೆಗೆ ಘಮಘಮಿಸುವ ಎಣ್ಣೆ ಹಚ್ಚಿ ಕ್ರಾಪು ತೀಡಿ, ಸೈಕಲ್ ಹತ್ತಿದೆ. ಹೆಣ್ಣು ನೋಡಲು ಹೊರಟವನ ಹಾಗಿದ್ದೆ ಎಂದು ದಾರಿಯಲ್ಲಿ ಸಿಕ್ಕವರೆಲ್ಲ ಹೇಳಿದರು.

ಉದ್ದನಪಲ್ಲಿಯ ಮನೆಯ ಮುಂದೆ ಸೈಕಲ್ ನಿಲ್ಲಿಸುವಷ್ಟರಲ್ಲಿ ಪಕ್ಕದ ಹುಳದ ಮನೆಯಿಂದ ಚೌಡಮ್ಮ ಹೊರಗೆ ಬಂದಳು. ಕೈಯಲ್ಲಿ ಸೊಪ್ಪು ಹೆಚ್ಚುವ ಕತ್ತಿ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿತ್ತು, ಒದ್ದೆ ಗೋಣಿ ತೂಗುಬಿಟ್ಟಿತ್ತು, ಹೊಸ್ತಿಲ ಮುಂದೆ ಸುಣ್ಣದ ಪುಡಿ ಚೆಲ್ಲಿತ್ತು.

"ಅಲ್ಲೇ ನಿಂತ್ಕಳಿ."

"ನಾನು ರತ್ನನ ಡ್ರಾಯಿಂಗ್ ಮೇಷ್ಟ್ರು."

"ಮೇಷ್ಟ್ರಾದ್ರೇನು, ಕಲೆಟ್ರಾದ್ರೇನು. ತಲೆಗೆ ಅದೇನು ಸುರ್ಕೊಂಡಿದ್ದೀರ? ನೀವು ಬರೋಕೆ ಮುಂಚೆ ನಿಮ್ಮ ವಾಸ್ನೆ ಬಂತು. ಹುಳಕ್ಕೆ ಆಗಾಕಿಲ್ಲ. ತೊಟ್ಟಿತಾವ ಹೋಗಿ ತೊಳ್ಕೊಂಡು ಬನ್ನಿ."

ತೊಟ್ಟಿಯಲ್ಲಿ ತಲೆ ತೊಳೆದೆ. ಅಲ್ಲಿದ್ದ ಎಮ್ಮೆ ನನ್ನನ್ನು ತನ್ನ ಜಾತಿಯವನೆಂದೇ ತಿಳಿದು ಜಾಗ ಬಿಟ್ಟಿತು. ನೀರು ಸುರಿಸಿಕೊಂಡು ಬಂದಾಗ ರತ್ನ ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದಳು. ಅತ್ತಿದ್ದಳೋ ಏನೋ, ಆಗ ಅಳುತ್ತಿರಲಿಲ್ಲ.

"ಶೀಟು ಎಲ್ಲಮ್ಮ?"

"ಹುಳದ ಕೆಳಗವೆ ಸಾ."

"ಯಾವುದು?"

"ಹತ್ತೂವೆ."

ಮರಿಹುಳಗಳಿಗೆ ಬಿದಿರಿನ ತಟ್ಟೆಯ ಮೇಲೆ ಕಾಗದ ಹಾಸುತ್ತಾರೆ. ಹಿಂದಿನ ಬೆಳೆಯಲ್ಲಿ ಚೌಡಮ್ಮ ನ್ಯೂಸ್‌ಪೇಪರ್ ಹಾಸಿದ್ದಳು. ಆ ಶಾಯಿಯ ವಾಸನೆಗೆ ಮರಿಗಳು ಸೊಪ್ಪು ಮುಟ್ಟದೆ ಸತ್ತವೆಂದು ಅವಳ ನಂಬಿಕೆ. ಈ ಸಲ ಒಳ್ಳೆಯ ಕಾಗದ ಹುಡುಕುವಾಗ ಅಟ್ಟದ ಮೇಲೆ ಬಟ್ಟೆಯಲ್ಲಿ ಸುತ್ತಿಟ್ಟ ಕಟ್ಟು ಸಿಕ್ಕಿತು. ದಪ್ಪ, ದೊಡ್ಡದು, ವಾಸನೆಯಿಲ್ಲ. ಒಂದು ಬದಿಯಂತೂ ಒಂದು ಬೆರಳ ಗುರುತೂ ಇಲ್ಲದೆ ಹಾಲಿನಂತಿತ್ತು. ರತ್ನನಿಗೆ ಇದು ಗೊತ್ತಾದದ್ದು ಶನಿವಾರ, ಸಹಿಗೆ ತರಲೆಂದು ಅಟ್ಟ ಹತ್ತಿದಾಗ.

"ಗೀಚಿರೋ ಕಡೆ ನಾನು ಮುಟ್ಟಿಲ್ಲ," ಎಂದಳು ಚೌಡಮ್ಮ. "ಅದ್ನ ಕೆಳಕ್ಕೆ ಮಾಡಿ, ಖಾಲಿ ಕಡೆ ತಾನೆ ಹುಳ ಬಿಟ್ಟಿರೋದು? ಅದ್ನ ಖಾಲಿ ಬಿಡು ಅಂದೋರು ಯಾರು?"

ಅಂದವನು ನಾನೇ.

"ಸರಿ, ಹುಳ ಎತ್ತಿ ಬೇರೆ ಕಡೆ ಬಿಡೋಣ," ಎಂದೆ.

ತಾಯಿ ಮಗಳು ಇಬ್ಬರೂ ನನ್ನನ್ನು ನೋಡಿದ ನೋಟ ಇವತ್ತಿಗೂ ನೆನಪಿದೆ. ಎಳೆಗೂಸನ್ನು ಬಾವಿಯ ಮೇಲೆ ಹಿಡಿದುಕೊಂಡವನನ್ನು ನೋಡುವ ಹಾಗೆ ನೋಡಿದರು.

"ಎರಡನೇ ಜ್ವರಕ್ಕೆ ಕುಂತವೆ ಸಾ," ಎಂದಳು ರತ್ನ.

ರೇಷ್ಮೆ ಹುಳ ಹಳೆಯ ಚರ್ಮ ಕಳಚುವ ಮುಂಚೆ ಮೇವು ಬಿಟ್ಟು, ತಲೆಯೆತ್ತಿ, ಅಲುಗದೆ ಕೂರುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಕೂರುವ ಮುಂಚೆ ಕಾಲಿನ ಕೆಳಗೆ ನೂಲು ಹಾಕಿ ಹಾಸಿಗೆಗೆ ತನ್ನನ್ನು ಕಟ್ಟಿಕೊಳ್ಳುತ್ತದೆ. ಆಗ ಕಿತ್ತರೆ ಚರ್ಮ ಅರ್ಧಕ್ಕೆ ಸಿಕ್ಕಿಕೊಂಡು ಸಾಯುತ್ತದೆ. ತಟ್ಟೆ ಅಲುಗಿಸಿದರೂ ಕೆಲವು ಮುಂಚೆ, ಕೆಲವು ತಡವಾಗಿ ಏಳುತ್ತವೆ. ಆಮೇಲೆ ಇಡೀ ಬೆಳೆ ಏರುಪೇರು. ಚೌಡಮ್ಮನಿಗೆ ಹಿಂದಿನ ಬೆಳೆ ಹೋಗಿತ್ತು. ಇದೂ ಹೋದರೆ ಶೀಟು ಇದ್ದರೂ ರತ್ನ ಹೊಸೂರಿಗೆ ಹೋಗುವ ಹಾಗಿರಲಿಲ್ಲ, ಕೂಲಿಗೆ ಬೇರೆಯವರ ಸೊಪ್ಪಿನ ತೋಟಕ್ಕೇ ಹೋಗಬೇಕು.

"ಯಾವಾಗ ಏಳ್ತವಮ್ಮ?"

"ಅವು ಎದ್ದಾಗ."

"ಸಾಯಂಕಾಲಕ್ಕೆ?"

"ಮೇಷ್ಟ್ರೆ, ಅವಕ್ಕೆ ನಿಮ್ಮ ಗಂಟೆ ಹೊಡಿಯಾಕಾಯ್ತದಾ?"

ಗೋಡೆಯಲ್ಲಿದ್ದ ಸಣ್ಣ ಕಿಂಡಿಯಿಂದ ನೋಡಲು ಬಿಟ್ಟಳು, ಮೂಗಿಗೆ ಟವೆಲ್ ಕಟ್ಟಿಕೊಂಡ ಮೇಲೆ. ಕತ್ತಲೆಗೆ ಕಣ್ಣು ಹೊಂದಿಕೊಂಡಾಗ ತಟ್ಟೆಗಳು ಕಂಡವು. ತೇವ ಆರಲೆಂದು ಸುಣ್ಣದ ಪುಡಿ ಉದುರಿಸಿದ ರತ್ನನ ಶೀಟುಗಳ ಮೇಲೆ ಲೆಕ್ಕವಿಲ್ಲದಷ್ಟು ಸಣ್ಣ ತಲೆಗಳು, ಎಲ್ಲ ಮೇಲಕ್ಕೆತ್ತಿ, ಒಂದೂ ಅಲುಗದೆ. ಇಪ್ಪತ್ತು ವರ್ಷ ಕಿರುಚಿದರೂ ನನ್ನ ಕ್ಲಾಸು ಒಂದು ದಿನವೂ ಹಾಗೆ ಕೂರಲಿಲ್ಲ.

ಜಗಲಿಯ ಮೇಲೆ ಯೋಚಿಸುತ್ತ ಕೂತೆವು. ರತ್ನ ಹತ್ತೂ ಶೀಟನ್ನು ಮತ್ತೆ ಬರೆಯಬಹುದೇ? ಒಂದು ಶೀಟಿಗೆ ಅವಳಿಗೆ ಅರ್ಧ ದಿನ ಹಿಡಿಯುತ್ತಿತ್ತು. ಇನ್ನಷ್ಟು ಕಾಗದ ಬೇಕಾದರೆ ಸಬಾಪತಿಯವರು ಬೀಗದ ಕೈ ಸಮೇತ ಕೃಷ್ಣಗಿರಿಗೆ ಮಗಳ ಮನೆಗೆ ಹೋಗಿದ್ದರು. ಆದರೂ ರತ್ನ ಒಂದು ಖಾಲಿ ಶೀಟು ತೆಗೆದುಕೊಂಡು ಆರು ಮೂಲೆಯ ನಟ್ಟನ್ನು ಬರೆಯಲು ಕೂತಳು. ಕೈ ನೆಟ್ಟಗಿತ್ತು. ಅವಳ ಕಣ್ಣು ಮಾತ್ರ ಪ್ರತಿ ಗೆರೆಯ ಕೊನೆಗೆ ಹುಳದ ಮನೆಯ ಬಾಗಿಲಿಗೆ ಹೋಗಿ ಬರುತ್ತಿತ್ತು.

ಆಗ ನನ್ನ ತಲೆಗೆ ನನ್ನ ಹಳೆಯ ವಿದ್ಯೆ ಹೊಳೆಯಿತು. ನಾನು ಯಾರ ದನಿಯಲ್ಲಿ ಬೇಕಾದರೂ ಮಾತಾಡುವವನು, ಯಾರ ಕೈಯಲ್ಲಿ ಬೇಕಾದರೂ ಬರೆಯಬಲ್ಲೆ. ಯಾವ ಹುಡುಗ ವೃತ್ತವನ್ನು ಬದನೆಕಾಯಿ ಮಾಡುತ್ತಾನೆ, ಯಾರು ನೆರಳನ್ನು ಬೆಳಕಿನ ಕಡೆಗೇ ಹಾಕುತ್ತಾರೆ, ಎಲ್ಲ ಬೆರಳಲ್ಲೇ ಇತ್ತು. ರತ್ನನ ಗೆರೆ ಏನು ಮಹಾ. ಅವಳಿಗೆ ಹೇಳದೆ ಒಂದು ಶೀಟು ತೆಗೆದು ಬೇರಿಂಗನ್ನು ಬೇಗ ಬೇಗ ಬರೆದೆ, ಅವಳ ಹಾಗೆಯೇ ಪ್ರತಿ ಗೆರೆಯ ಕೊನೆಗೂ ಒತ್ತಿ. ಮುಗಿಸಿ ಅವಳ ಮುಂದೆ ಹಿಡಿದೆ.

"ಇಂಥವು ಒಂಬತ್ತು ಸಾಯಂಕಾಲದೊಳಗೆ ಆಯ್ತವೆ. ಸಹಿಯೂ ನನ್ನದೇ. ಯಾರು ಕೇಳ್ತಾರೆ?"

ಅವಳು ಪೆನ್ಸಿಲ್ ಕೆಳಗಿಟ್ಟಳು. ಶೀಟನ್ನು ಹತ್ತಿರ ಹಿಡಿದು ಗೆರೆಗಳ ಕೊನೆ ನೋಡಿದಳು.

"ಸಾ, ನೀವು ಹೆಡ್‌ಮಾಸ್ಟ್ರು ನಡ್ದಂಗೆ ನಡೀತೀರಲ್ಲ, ಅವ್ರು ಅಷ್ಟೊಂದು ಕುಂಟಲ್ಲ."

"ಅಂದ್ರೆ?"

"ಅವ್ರು ಒಂಚೂರು ಕುಂಟಿದ್ರೆ ನೀವು ಇಷ್ಟು ಕುಂಟ್ತೀರ. ನಗ್ಲಿ ಅಂತ. ಇದೂ ಅಂಗೇ ಐತೆ. ನಾನು ಒಂಚೂರು ಒತ್ತೋದು, ನೀವು ಜಡ್ದಿದ್ದೀರ."

ಚೌಡಮ್ಮ ಬಂದು ಮಗಳ ಭುಜದ ಮೇಲಿಂದ ಬಗ್ಗಿ ನೋಡಿದಳು.

"ಅಯ್ಯೋ, ಇದು ನಮ್ಮ ರತ್ನಿ ಗೀಚ್ದಂಗೇ ಐತಲ್ಲ," ಎಂದಳು. ಆಮೇಲೆ ಸ್ವಲ್ಪ ತಡೆದು, "ಕುಡ್ಕೊಂಡು ಗೀಚ್ದಂಗೆ," ಎಂದಳು.

"ಇದ್ನ ತಕ್ಕೊಂಡು ನಾನು ಹೋಗಾಕಿಲ್ಲ ಸಾ. ಅಲ್ಲಿ ನನ್ನ ಮುಂದೆ ಕೂರ್ಸಿ ಬರಿ ಅಂದ್ರೆ ನಾನು ನಿಮ್ಮಂಗೆ ಬರೀಬೇಕಾಯ್ತದೆ. ನನ್ಗೆ ನನ್ನಂಗೆ ಮಾತ್ರ ಬತ್ತದೆ."

ಮತ್ತೆ ನಟ್ಟಿಗೆ ಬಗ್ಗಿದಳು. ನಾನು ನನ್ನ ಬೇರಿಂಗನ್ನು ಮಗುಚಿಟ್ಟೆ. ಅಣಕಿಸುವವನಿಗೆ ಯಾರೂ ಚಪ್ಪಾಳೆ ತಟ್ಟದಿದ್ದರೂ ನಡೆಯುತ್ತದೆ. ಎಲ್ಲಿ ಅತಿಯಾಯಿತು ಎಂದು ಬೆರಳಿಟ್ಟು ತೋರಿಸಿದರೆ ಆ ದಿನ ಊಟ ಸೇರುವುದಿಲ್ಲ. ಚೌಡಮ್ಮ ಕೊಟ್ಟ ಮುದ್ದೆ ಮಾತ್ರ ಸೇರಿತು, ಅದು ಬೇರೆ ವಿಷಯ.

ಮಧ್ಯಾಹ್ನ ಇಳಿಯಿತು. ಚೌಡಮ್ಮ ಒಳಗೆ ಹೋಗಿ ಬಂದಾಗಲೆಲ್ಲ ನಾವಿಬ್ಬರೂ ಅವಳ ಮುಖ ನೋಡುತ್ತಿದ್ದೆವು.

"ಎದ್ದ್ವಾ?"

"ಮೂಲೇಲಿ ನಾಕಾರು ಎದ್ದವೆ."

"ಹಂಗಾದ್ರೆ ಸೊಪ್ಪು ಹಾಕಮ್ಮ," ಎಂದೆ.

"ಎದ್ದ ನಾಕಕ್ಕೆ ಸೊಪ್ಪು ಹಾಕಿ, ಮಲಗಿರೋ ಅಷ್ಟನ್ನೂ ಸೊಪ್ಪಿನ ಕೆಳಗೆ ಹೂತಾಕ್ಲಾ? ನಿಮ್ಮ ಇಸ್ಕೂಲಲ್ಲಿ ಹಿಂಗೇನಾ, ನಾಕು ಹುಡುಗ್ರು ಬಂದ್ರೆ ಪಾಠ ಸುರು?"

ಹಾಗೇ ನಡೆಯುತ್ತಿತ್ತು ಎಂದು ನಾನು ಹೇಳಲಿಲ್ಲ.

ಒಮ್ಮೆ ರಸ್ತೆಯಲ್ಲಿ ಲಾರಿಯೊಂದು ಹಾರ್ನ್ ಬಾರಿಸಿಕೊಂಡು ಹೋಯಿತು. ಚೌಡಮ್ಮ ಬೈದ ಬೈಗುಳದಲ್ಲಿ ಡ್ರೈವರನ ಮೂರು ತಲೆಮಾರು ಬಂದವು, ಆದರೆ ಎಲ್ಲವೂ ಪಿಸುಮಾತಿನಲ್ಲಿ. ಪಿಸುಮಾತಿನ ಬೈಗುಳ ಕೇಳಿದ್ದೀರಾ? ಕೂಗುವುದಕ್ಕಿಂತ ಭಯವಾಗುತ್ತದೆ. ನಾನು ಅದನ್ನು ಅಣಕಿಸಲು ಆಮೇಲೆ ಎಷ್ಟೋ ಸಲ ಪ್ರಯತ್ನಿಸಿದೆ, ಬರಲಿಲ್ಲ.

ಬಿಸಿಲು ಜಗಲಿಯಿಂದ ಇಳಿದು ಅಂಗಳದ ಆಚೆ ಹೋದಾಗ ಚೌಡಮ್ಮ ಗೋಣಿ ಸರಿಸಿ ಹೊರಗೆ ಬಂದಳು. ಸೊಪ್ಪು ತೆಗೆದುಕೊಂಡು ಹೆಚ್ಚಲು ಕೂತಳು. ರತ್ನ ಎದ್ದು ಕೈಕಾಲು ತೊಳೆದುಕೊಂಡಳು. ಹುಳ ಎದ್ದವೆಂದು ನನಗೂ ಗೊತ್ತಾಯಿತು.

ಎಳೆಯ ಸೊಪ್ಪು ಮೇಲೆ ಹರಡಿದರೆ ಹಸಿದ ಹುಳಗಳು ತಾವಾಗಿಯೇ ಮೇಲೆ ಹತ್ತುತ್ತವೆ. ಹತ್ತಿದ ಮೇಲೆ ಸೊಪ್ಪಿನ ಸಮೇತ ಎತ್ತಿ ಹೊಸ ತಟ್ಟೆಗೆ ಬಿಡುವುದು. ಅಷ್ಟು ಹೊತ್ತು ಕಾದದ್ದಾಯಿತು, ಇನ್ನೇನು ಎನ್ನುವಾಗ ಚೌಡಮ್ಮ ಬಾಗಿಲಲ್ಲಿ ನಿಂತು ಕೇಳಿದಳು:

"ಹೊಸ ತಟ್ಟೆಗೆ ಏನು ಹಾಸ್ಲಿ?"

ನಾನು ರತ್ನನನ್ನು ನೋಡಿದೆ. ಅವಳು ನನ್ನ ಸುರುಳಿಯನ್ನು ನೋಡಿದಳು. ಸಬಾಪತಿಯವರು ತಮಿಳಿನಲ್ಲಿ ಎಣಿಸಿ ಕೊಟ್ಟ ಶೀಟುಗಳು. ಸರ್ಕಾರದ ಕಾಗದ. ಅವನ್ನು ಹುಳಕ್ಕೆ ಹಾಸಿದೆನೆಂದು ಗೊತ್ತಾದರೆ ನನ್ನ ಕೆಲಸದ ಮೇಲೂ ಸುಣ್ಣ ಉದುರಿಸುತ್ತಾರೆ.

"ಅದ್ನ ಕೊಡ್ದಿದ್ರೆ ಹಳೇ ಶೀಟೇ ಹುಳದ ಕೆಳಗಿರ್ಲಿ," ಎಂದಳು ಚೌಡಮ್ಮ. "ನನ್ಗೆ ನ್ಯೂಸ್‌ಪೇಪ್ರು ಮತ್ತೆ ಬ್ಯಾಡ."

ಸುರುಳಿ ಬಿಚ್ಚಿ ಕೊಟ್ಟೆ. ಅವಳು ಒಂದೊಂದನ್ನೂ ಮೂಗಿನ ಹತ್ತಿರ ಹಿಡಿದು ಮೂಸಿ ನೋಡಿದಳು. ಸಾಲದೆ ಬಂದಾಗ ನಾನು ಮಗುಚಿಟ್ಟಿದ್ದ ಬೇರಿಂಗಿನ ಶೀಟಿಗೂ ಕೈ ಚಾಚಿದಳು. "ಇದ್ರ ಹಿಂದ್ಗಡೆ ಚೆನ್ನಾಗೈತೆ," ಎಂದಳು. ನನ್ನ ಕಲೆಯ ಬಗ್ಗೆ ಬಂದ ವಿಮರ್ಶೆಗಳಲ್ಲಿ ಅದೇ ಅತ್ಯಂತ ನಿಜವಾದದ್ದು.

ದೀಪ ಹಚ್ಚುವ ಹೊತ್ತಿಗೆ ಶೀಟುಗಳು ಒಂದೊಂದಾಗಿ ಹೊರಗೆ ಬಂದವು. ಬಿಳಿಯ ಬೆನ್ನಿನ ಮೇಲೆ ಸುಣ್ಣ, ಒಣಗಿದ ಸೊಪ್ಪಿನ ಚೂರು, ಕರಿಯ ಹಿಕ್ಕೆ, ಸಿಪ್ಪೆಯಂತೆ ಕಳಚಿದ ಚರ್ಮ. ಒದರಿ ಮಗುಚಿದೆವು. ತೇವ ಇಳಿದು ಚಿತ್ರದ ಬದಿಗೂ ಅಲ್ಲಲ್ಲಿ ಹಸಿರು ಕಲೆ ಬಂದಿತ್ತು. ಗೆರೆ ಮಾತ್ರ ಹಾಗೇ ಇತ್ತು. ಪೆನ್ಸಿಲ್ ಅಲ್ಲವೇ, ನೀರಿಗೆ ಹೆದರುವುದಿಲ್ಲ. ಒಂದು ಶೀಟು ನೆನೆದು ಎತ್ತುವಾಗಲೇ ಎರಡಾಯಿತು. ರತ್ನ ಅದನ್ನು ಪಕ್ಕಕ್ಕಿಟ್ಟು, ಆಗಷ್ಟೇ ಮುಗಿಸಿದ ನಟ್ಟನ್ನು ಅದರ ಜಾಗದಲ್ಲಿ ಸೇರಿಸಿದಳು. ಹತ್ತಕ್ಕೆ ಹತ್ತು.

ಚೌಡಮ್ಮ ತಾಮ್ರದ ಚೊಂಬಿಗೆ ಕೆಂಡ ತುಂಬಿ ಇಸ್ತ್ರಿ ಹಾಕಿದಳು, ಮಗಳ ಲಂಗಕ್ಕೆ ಹಾಕುವ ಹಾಗೆ. ನಾನು ಸಹಿ ಮಾಡಿದೆ. ಎಲ್ಲಿ ಕಲೆ ದೊಡ್ಡದಿತ್ತೋ ಅಲ್ಲಿ ಸಹಿಯೂ ದೊಡ್ಡದಾಯಿತು. ಏಳನೇ ಶೀಟಿನ ಸಹಿಗೆ ಬಾಲ ಬಂತು.

ಸೋಮವಾರ ಮುಂಜಾನೆಯ ಬಸ್ಸು ಹಿಡಿದೆವು. ಸೈಕಲ್ ಅವರ ಮನೆಯಲ್ಲೇ ಉಳಿಯಿತು. ಕಾರ್ಖಾನೆಯ ಗೇಟಿನಲ್ಲಿ ವಾಚ್‌ಮನ್ ರತ್ನನನ್ನು ಮಾತ್ರ ಬಿಟ್ಟ. ನಾನು ಎದುರಿನ ಟೀ ಅಂಗಡಿಯ ಬೆಂಚಿನಲ್ಲಿ ಕೂತೆ. ಬಂದವರು ಒಬ್ಬೊಬ್ಬರಾಗಿ ಹೊರಗೆ ಬಂದರು. ಕೆಲವರ ಕೈಯಲ್ಲಿ ಶೀಟಿನ ಸುರುಳಿ ಹಾಗೇ ಇತ್ತು, ಕೆಲವರ ಕೈ ಖಾಲಿ. ಯಾವುದು ಒಳ್ಳೆಯ ಲಕ್ಷಣ ಎಂದು ತಿಳಿಯಲಿಲ್ಲ. ಟೀ ಅಂಗಡಿಯವನನ್ನು ಕೇಳಿದೆ. "ಅಳ್ತಾ ಬಂದ್ರೆ ಇಲ್ಲ, ಟೀ ಕುಡಿದ್ರೆ ಉಂಟು," ಎಂದ.

ರತ್ನ ಕೊನೆಗೆ ಬಂದಳು. ಕೈ ಖಾಲಿ. ಅಳು ಇಲ್ಲ. ಬೆಂಚಿನ ಮುಂದೆ ನಿಂತಳು. ಏನಾಯಿತಮ್ಮ ಎಂದು ಕೇಳಲು ಬಾಯಿ ತೆರೆದೆ. ಅವಳು ಇದ್ದಕ್ಕಿದ್ದಂತೆ ಹೊಟ್ಟೆ ಮುಂದಕ್ಕೆ ಚಾಚಿ, ಇಲ್ಲದ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಹುಬ್ಬು ಗಂಟಿಕ್ಕಿದಳು.

"ಎನ್ನಮ್ಮಾ ಇದು, ಹಸಿರು ಹಸಿರಾ?"

ನಾನು ಬೆಂಚಿನಿಂದ ಅರ್ಧ ಎದ್ದೆ.

"ಹುಳ ಸಾ, ಅಂದೆ," ಎಂದಳು ತನ್ನ ದನಿಯಲ್ಲಿ. ಮತ್ತೆ ಕನ್ನಡಕ. "ಡ್ರಾಯಿಂಗ್ ಆಫೀಸ್‌ನಲ್ಲಿ ಫಸ್ಟು ಕ್ಲೀನು, ಆಮೇಲೆ ಲೈನು. ಗೊತ್ತಾ? ಇದು ಯಾರ ಸೈನು? ಚಿತ್ರಕ್ಕಿಂತ ದೊಡ್ಡದೈತೆ?"

"ರತ್ನ, ಮೊದ್ಲು ಆಯ್ತೋ ಇಲ್ವೋ ಹೇಳ್ಬಿಡು."

ಅವಳು ಹೇಳಲಿಲ್ಲ. ಕೋಣೆಯೊಳಗೆ ನಡೆದದ್ದನ್ನೆಲ್ಲ ನಡೆದಂತೆಯೇ ಮಾಡಿ ತೋರಿಸಿದಳು. ಡ್ರಾಯಿಂಗ್ ಆಫೀಸಿನ ಆ ಕನ್ನಡಕದ ಮನುಷ್ಯ ಶೀಟುಗಳನ್ನು ಪಕ್ಕಕ್ಕೆ ತಳ್ಳಿದ್ದು, ಒಂದು ನಕ್ಷೆ ಕೊಟ್ಟು ಇಂಕಿನಲ್ಲಿ ಇಳಿಸು ಎಂದದ್ದು, ಇವಳು ಉಸಿರು ಹಿಡಿದು ಗೆರೆ ಎಳೆದದ್ದು. ಆಮೇಲೆ ಅವನು ಎದ್ದು ಬಂದು ಆ ಗೆರೆಯ ಕೊನೆಯನ್ನು ನೋಡಿ, ತಳ್ಳಿದ್ದ ಶೀಟುಗಳನ್ನು ಮತ್ತೆ ಹತ್ತಿರ ಎಳೆದುಕೊಂಡು, ಅಲ್ಲಿಯ ಗೆರೆಯ ಕೊನೆಯನ್ನೂ ನೋಡಿ, ಎರಡನ್ನೂ ಪಕ್ಕಪಕ್ಕ ಇಟ್ಟದ್ದು. ಅತಿ ಮಾಡಲಿಲ್ಲ. ಆ ಮನುಷ್ಯ ಎಷ್ಟು ಹುಬ್ಬು ಗಂಟಿಕ್ಕಿದ್ದನೋ ಅಷ್ಟೇ ಗಂಟಿಕ್ಕಿದಳು ಎಂದು ನೋಡದಿದ್ದರೂ ನಂಬುವ ಹಾಗಿತ್ತು. ಜೀವಮಾನವೆಲ್ಲ ಮಂದಿಯನ್ನು ಅಣಕಿಸಿದವನು ನಾನು, ಬೆಂಚಿನ ಮೇಲೆ ಬೆವರುತ್ತ ಕೂತು ಆಟ ಮುಗಿಯಲು ಕಾದೆ.

"ಒನ್ನಾಂ ತೇದಿ ವಾಮ್ಮಾ," ಎಂದಳು ಕೊನೆಗೆ ಅವನ ದನಿಯಲ್ಲಿ. ಒಂದನೇ ತಾರೀಖು ಬಾಮ್ಮ ಎಂದು.

ಕನ್ನಡಕ ತೆಗೆದು, "ಸಾ, ಟೀ ಕೊಡಿಸ್ತೀರಾ?" ಎಂದಳು.

ವಾಪಸ್ಸು ಬರುವಾಗ ಕೆಲಮಂಗಲದಲ್ಲಿ ಇಳಿದು ಸಬಾಪತಿಯವರ ಮುಂದೆ ನಿಂತು ಎಲ್ಲ ಹೇಳಿದೆ, ಸರ್ಕಾರದ ಶೀಟು ಹುಳದ ಹಾಸಿಗೆಯಾದದ್ದನ್ನೂ ಸೇರಿಸಿ. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು.

"ಮುಂದಿನ ಸಲ ನನ್ನ ಕೇಳು. ನಾನು ಇಲ್ಲ ಅಂತೀನಿ. ಆಮೇಲೆ ಕೊಡು."

ಸೊಂಟದಿಂದ, ಬಲಗಡೆಯಿಂದ, ಬೀಗದ ಕೈ ಬಿಚ್ಚಿ ಬೀರು ತೆಗೆದು, ಎಣಿಸದೆ ಒಂದಷ್ಟು ಶೀಟು ಕೈಗಿಟ್ಟರು. ಅಂದಿನಿಂದ ರೇಷ್ಮೆ ಮನೆಯ ಮಕ್ಕಳಿಗೆ ಬರೆಯಲು ಒಂದು, ಹಾಸಲು ಒಂದು ಎಂದು ಎರಡು ಶೀಟು ಕೊಡುವ ಪದ್ಧತಿ ನಮ್ಮ ಕೋಣೆಯಲ್ಲಿ ಬಂತು. ಹೊಸ ಮೇಷ್ಟ್ರುಗಳೇ, ನಿಮ್ಮ ಊರಿನ ಮಕ್ಕಳ ಮನೆಯಲ್ಲಿ ಕಾಗದಕ್ಕೆ ಇನ್ನೇನು ಕೆಲಸವಿದೆ ಎಂದು ವಿಚಾರಿಸಿಕೊಳ್ಳಿ. ಆಮೇಲೆ ಬ್ರಶ್ಶಿನ ವಿಷಯ ಮಾತಾಡೋಣ.

ಸಂಜೆ ಉದ್ದನಪಲ್ಲಿಗೆ ಹೋದಾಗ ಚೌಡಮ್ಮ ಸೊಪ್ಪು ಹೆಚ್ಚುತ್ತಿದ್ದಳು. ಹುಳಗಳು ಒಂದೇ ಸಮ ಎದ್ದು ಮೇಯುತ್ತಿದ್ದವು, ಅವಳ ಮುಖ ನೋಡಿದರೇ ತಿಳಿಯುತ್ತಿತ್ತು. ರತ್ನ ಕೆಲಸ ಸಿಕ್ಕಿತೆಂದು ಹೇಳಿದಳು. ಚೌಡಮ್ಮ ಕತ್ತಿ ನಿಲ್ಲಿಸಿ ಮಗಳನ್ನು ಅಡಿಯಿಂದ ಮುಡಿಯವರೆಗೆ ಒಂದು ಸಲ ನೋಡಿದಳು, ಸೆರಗಿನಿಂದ ಮೂಗು ಒರೆಸಿಕೊಂಡಳು, ಮತ್ತೆ ಹೆಚ್ಚತೊಡಗಿದಳು. ನಾನು ತಂದ ಹೊಸ ಶೀಟನ್ನು ಮೂಸಿ ನೋಡಿ ಪಕ್ಕಕ್ಕಿಟ್ಟಳು.

"ಹಳೇವು ಎಲ್ಲಿ? ಮೂರನೇ ಜ್ವರಕ್ಕೆ ಹುಳ ದಪ್ಪ ಆಯ್ತವೆ, ಇವಿಷ್ಟೇ ಸಾಲಾಕಿಲ್ಲ."

"ಅವ್ರು ಇಟ್ಕೊಂಡ್ರಮ್ಮ," ಎಂದಳು ರತ್ನ.

"ಹತ್ತೂವೆ?"

"ಹತ್ತೂವೆ."

ಚೌಡಮ್ಮ ನನ್ನ ಕಡೆ ತಿರುಗಿದಳು.

"ಯಾಕೆ ಮೇಷ್ಟ್ರೆ, ಅವ್ರೂ ಹುಳ ಸಾಕ್ತಾರಾ?"